ರೂಟ್ ಪ್ಯಾರಾಮೀಟರ್ ಕ್ಲೈಂಟ್ ಕಾಂಪೊನೆಂಟಿಗೆ: ಭತ್ತದ ದರಪುಟದಲ್ಲಿ ಮೂರು ದಾರಿಗಳ ಹೋಲಿಕೆ

ಗಂಗಾವತಿಯ ಒಂದು ದಲ್ಲಾಳಿ ಅಂಗಡಿಗಾಗಿ ಭತ್ತದ ದರ ತೋರಿಸುವ ತಾಣವನ್ನು ರಿಯಾಕ್ಟ್ ಮೇಲೆ ನಿಂತಿರುವ ಜಾಲತಾಣ ಚೌಕಟ್ಟಾದ ನೆಕ್ಸ್ಟ್.ಜೆಎಸ್ 15ರಲ್ಲಿ ಕಟ್ಟುವಾಗ, ವಿಳಾಸದಲ್ಲಿರುವ ಪೇಟೆಯ ಹೆಸರನ್ನು (ಇದೇ ರೂಟ್ ಪ್ಯಾರಾಮೀಟರ್) ಕ್ಲೈಂಟ್ ಕಾಂಪೊನೆಂಟಿಗೆ, ಅಂದರೆ ಬ್ರೌಸರಿನಲ್ಲೂ ಓಡುವ ಪುಟದ ತುಣುಕಿಗೆ, ತಲುಪಿಸುವ ಮೂರು ದಾರಿಗಳನ್ನೂ ಬರೆದು ನೋಡಿದೆ. 2024ರ ಅಕ್ಟೋಬರಿನಲ್ಲಿ ಬಂದ ಈ ಆವೃತ್ತಿಯಿಂದ ಪುಟಕ್ಕೆ ಸಿಗುವ ಪ್ಯಾರಾಮ್ಸ್ (ವಿಳಾಸದ ಪ್ಯಾರಾಮೀಟರುಗಳು) ಒಂದು ಪ್ರಾಮಿಸ್, ಅಂದರೆ ಮುಂದೆ ಸಿಗಲಿರುವ ಮೌಲ್ಯ, ಆಗಿರುತ್ತದೆ. ಕ್ಲೈಂಟ್ ಕಾಂಪೊನೆಂಟನ್ನು ಅಸಿಂಕ್ ಫಂಕ್ಷನ್ ಆಗಿ ಬರೆಯುವಂತಿಲ್ಲವಾದ್ದರಿಂದ ಅಲ್ಲಿ ಅವೇಟ್ (ಆ ಮೌಲ್ಯಕ್ಕಾಗಿ ಕಾಯುವುದು) ನಡೆಯುವುದಿಲ್ಲ.

ಪುಟವನ್ನೇ ಕ್ಲೈಂಟ್ ಕಾಂಪೊನೆಂಟ್ ಮಾಡಿ, ರಿಯಾಕ್ಟಿನ 'ಯೂಸ್' ಮೂಲಕ ಆ ಪ್ರಾಮಿಸಿನ ಮೌಲ್ಯವನ್ನು ಪಡೆಯುವುದು ಮೊದಲ ದಾರಿ. ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಆದರೆ ಕ್ಲೈಂಟ್ ಪುಟದಿಂದ ಮೆಟಾಡೇಟಾ (ಪುಟದ ಶೀರ್ಷಿಕೆಯಂತಹ ವಿವರ) ಎಕ್ಸ್‌ಪೋರ್ಟ್ ಮಾಡಲು ಬರುವುದಿಲ್ಲ. ರೈತರು ಈ ಲಿಂಕನ್ನು ವಾಟ್ಸಾಪ್‌ನಲ್ಲಿ ಒಬ್ಬರಿಗೊಬ್ಬರು ಕಳಿಸುತ್ತಾರೆ. ಶೀರ್ಷಿಕೆಯಲ್ಲಿ ಪೇಟೆಯ ಹೆಸರಿಲ್ಲದಿದ್ದರೆ ಅದು ಗಂಗಾವತಿಯ ದರವೋ ಕಾರಟಗಿಯದೋ ತಿಳಿಯದು. ಈ ದಾರಿಯನ್ನು ಅಲ್ಲಿಗೇ ಕೈಬಿಟ್ಟೆ.

ಎರಡನೆಯದು 'ಯೂಸ್‌ಪ್ಯಾರಾಮ್ಸ್' ಹುಕ್. ಹುಕ್ ಎಂದರೆ ಕಾಂಪೊನೆಂಟಿನೊಳಗೆ ಕರೆಯುವ ಫಂಕ್ಷನ್. ಕಾಂಪೊನೆಂಟ್ ಎಷ್ಟೇ ಒಳಗಿದ್ದರೂ, ಮೇಲಿನಿಂದ ಏನನ್ನೂ ಹಾಯಿಸದೆ ಪೇಟೆಯ ಹೆಸರು ಕೈಗೆ ಸಿಗುತ್ತದೆ. ಒಂದು ವಾರ ಇದನ್ನೇ ಮೆಚ್ಚಿಕೊಂಡಿದ್ದೆ. ಆಮೇಲೆ ಅಂಗಡಿಯ ಸಾಹುಕಾರರು, ಗಂಗಾವತಿ ಮತ್ತು ಸಿಂಧನೂರಿನ ಸೋನಾ ಮಸೂರಿ ದರ ಒಂದೇ ಪುಟದಲ್ಲಿ ಅಕ್ಕಪಕ್ಕ ಬೇಕೆಂದರು. ದರದ ಕಾರ್ಡನ್ನು ಎರಡು ಸಲ ಇಟ್ಟೆ; ಎರಡರಲ್ಲೂ ಗಂಗಾವತಿಯ ದರವೇ ಬಂತು. ಹುಕ್ ಓದುವುದು ವಿಳಾಸವನ್ನು, ವಿಳಾಸದಲ್ಲಿ ಇದ್ದದ್ದು ಒಂದೇ ಪೇಟೆ.

ಮೂರನೆಯ ದಾರಿಯಲ್ಲಿ ಪುಟ ಸರ್ವರಿನಲ್ಲೇ ಓಡುವ ಸರ್ವರ್ ಕಾಂಪೊನೆಂಟ್ ಆಗಿಯೇ ಉಳಿಯುತ್ತದೆ. ಅಲ್ಲಿ ಪ್ಯಾರಾಮ್ಸನ್ನು ಅವೇಟ್ ಮಾಡಿ, ಅಂತಹ ಪೇಟೆ ನಮ್ಮ ಪಟ್ಟಿಯಲ್ಲಿದೆಯೇ ಎಂದು ನೋಡಿ, ಇಲ್ಲದಿದ್ದರೆ 404 (ಪುಟ ಸಿಗಲಿಲ್ಲ) ತೋರಿಸಿ, ಇದ್ದರೆ ಹೆಸರನ್ನು ಸಾದಾ ಸ್ಟ್ರಿಂಗ್ ಪ್ರಾಪ್ (ಕಾಂಪೊನೆಂಟಿಗೆ ಹೊರಗಿನಿಂದ ಕೊಡುವ ಮೌಲ್ಯ) ಆಗಿ ಕಾರ್ಡಿಗೆ ಕೊಡುತ್ತೇನೆ. ಕಾರ್ಡಿಗೆ ವಿಳಾಸದ ಗೊಡವೆಯೇ ಇರುವುದಿಲ್ಲ; ಒಂದಕ್ಕೆ ಗಂಗಾವತಿ, ಇನ್ನೊಂದಕ್ಕೆ ಸಿಂಧನೂರು ಎಂದು ಕೊಟ್ಟ ಕೂಡಲೇ ಎರಡೂ ಸರಿಯಾದವು. ಕಾರ್ಡಿನ ಪರೀಕ್ಷಾ ಕೋಡ್ ಬರೆಯುವಾಗಲೂ ವಿಳಾಸ ನೋಡಿಕೊಳ್ಳುವ ರೂಟರಿನ ನಕಲಿಯನ್ನು ಇಡಬೇಕಾಗಲಿಲ್ಲ. ಕೆಲವು ಸಾಲು ಹೆಚ್ಚು ಬರೆಯಬೇಕಾದರೂ ನನ್ನ ಆಯ್ಕೆ ಇದೇ. ಪುಟದ ಮೇಲ್ತುದಿಯಲ್ಲಿ ಈಗ ತೆರೆದಿರುವ ಪೇಟೆಯನ್ನು ಎತ್ತಿ ತೋರಿಸುವ ಮೆನುವಿಗೆ ಮಾತ್ರ ಹುಕ್ಕನ್ನು ಉಳಿಸಿಕೊಂಡಿದ್ದೇನೆ, ಏಕೆಂದರೆ ಅದಕ್ಕೆ ಬೇಕಾದದ್ದು ವಿಳಾಸವೇ.

ಕನ್ನಡದಲ್ಲಿ ವಿಳಾಸ ಇಡುವವರು ಇನ್ನೊಂದನ್ನು ಗಮನಿಸಬೇಕು. ಹುಕ್ಕಿನಿಂದ 'ಗಂಗಾವತಿ' ಎಂಬುದು ಶೇಕಡಾ ಚಿಹ್ನೆಗಳ ಉದ್ದನೆಯ ಸರವಾಗಿ ಬಂತು. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಇದ್ದು, ಪ್ರತಿ ಬೈಟ್ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರವಾಗುವುದರಿಂದ, ಏಳು ಸಂಕೇತಗಳ ಆ ಹೆಸರು 63 ಅಕ್ಷರಗಳಾಗುತ್ತದೆ. ಪಟ್ಟಿಯೊಡನೆ ಹೋಲಿಸುವ ಮೊದಲು ಅದನ್ನು ಡಿಕೋಡ್ ಮಾಡಿಕೊಳ್ಳಲೇಬೇಕು.