ಆಲಿಗೋಕ್ಲೋನಲ್ ಬ್ಯಾಂಡ್ ಟೆಸ್ಟ್: ಜೊತೆಗೆ ರಕ್ತ ಹೋದರೆ ಮಾತ್ರ ಉಪಯೋಗ

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್: ದೇಹದ ರೋಗನಿರೋಧಕ ಶಕ್ತಿಯೇ ಮಿದುಳು-ಬೆನ್ನುಹುರಿಯ ನರಗಳ ಹೊದಿಕೆಗೆ ಹಾನಿ ಮಾಡುವ ರೋಗ) ಅನುಮಾನವಿದ್ದಾಗ ಬೆನ್ನಿನ ನೀರಿನ ಮೇಲೆ, ಅಂದರೆ ಸಿಎಸ್‌ಎಫ್ ಮೇಲೆ, ಮಾಡಿಸುವ ಟೆಸ್ಟ್‌ಗಳಲ್ಲಿ ನಮ್ಮ ಮೊದಲ ಆಯ್ಕೆ ಆಲಿಗೋಕ್ಲೋನಲ್ ಬ್ಯಾಂಡ್ ಟೆಸ್ಟ್. ಐಜಿಜಿ ಎಂಬ ಪ್ರತಿಕಾಯ ಜೆಲ್ ಮೇಲೆ ಮೂಡಿಸುವ ಗೆರೆಗಳೇ ಈ ಬ್ಯಾಂಡ್‌ಗಳು. ರೋಗಿಗೆ ಒಂದೇ ಸಲ ರೋಗಲಕ್ಷಣಗಳ ದಾಳಿಯಾಗಿ, ಎಂಆರ್‌ಐಯಲ್ಲಿ ಬೇರೆ ಬೇರೆ ಭಾಗಗಳಲ್ಲಿ ಅದಕ್ಕೊಪ್ಪುವ ಕಲೆಗಳಿದ್ದರೆ, 2017ರ ಮೆಕ್‌ಡೊನಾಲ್ಡ್ ಮಾನದಂಡದ ಪ್ರಕಾರ ಈ ಬ್ಯಾಂಡ್‌ಗಳ ಬಲದ ಮೇಲೆ ಎರಡನೇ ದಾಳಿಗೆ ಕಾಯದೆ ರೋಗ ಖಚಿತಪಡಿಸಬಹುದು.

ಎಡವಟ್ಟಾಗುವುದು ಸ್ಯಾಂಪಲ್ ಕಳಿಸುವಲ್ಲಿ. ಬರೀ ಸಿಎಸ್‌ಎಫ್ ತೆಗೆದುಕೊಂಡು ರಿಪೋರ್ಟ್ ಕೊಡುವ ಲ್ಯಾಬ್‌ಗೆ ದುಡ್ಡು ಕೊಡಬೇಡಿ. ಸಿಎಸ್‌ಎಫ್ ಮತ್ತು ಅದೇ ದಿನ ತೆಗೆದ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಎರಡನ್ನೂ ಒಂದೇ ಜೆಲ್ ಮೇಲೆ ಅಕ್ಕಪಕ್ಕ ಓಡಿಸಬೇಕು. ಅದಕ್ಕೂ ಮೊದಲು ಎರಡರ ಐಜಿಜಿ ಮಟ್ಟವನ್ನು ಸಮಕ್ಕೆ ತರಬೇಕು. ರಕ್ತದಲ್ಲಿ ಐಜಿಜಿ ವಿಪರೀತ ಹೆಚ್ಚಿರುವುದರಿಂದ ಸೀರಂ ಅನ್ನು ನೂರಾರು ಪಟ್ಟು ತೆಳು ಮಾಡಬೇಕಾಗುತ್ತದೆ. ಇಲ್ಲಿ ಕೈ ತಪ್ಪಿ ಸೀರಂ ತೀರಾ ತೆಳುವಾದರೆ ಅದರ ಗೆರೆಗಳು ಮಾಯವಾಗಿ, ಸಿಎಸ್‌ಎಫ್‌ನಲ್ಲಿ ಮಾತ್ರ ಬ್ಯಾಂಡ್ ಇದ್ದಂತೆ ಕಾಣುತ್ತದೆ. ಇಲ್ಲದ ರೋಗ ಅಂಟಿಕೊಳ್ಳುವುದು ಹೀಗೆಯೇ. ವಿಧಾನ ಐಸೋಎಲೆಕ್ಟ್ರಿಕ್ ಫೋಕಸಿಂಗ್ ಮತ್ತು ಐಜಿಜಿ ಇಮ್ಯುನೋಬ್ಲಾಟ್ (ಪ್ರೋಟೀನ್‌ಗಳನ್ನು ವಿದ್ಯುತ್ತಿನಿಂದ ಸೂಕ್ಷ್ಮವಾಗಿ ಬೇರ್ಪಡಿಸಿ, ಐಜಿಜಿ ಗೆರೆಗಳನ್ನಷ್ಟೇ ತೋರಿಸುವ ವಿಧಾನ) ಆಗಿರಲಿ. ಸಾದಾ ಎಲೆಕ್ಟ್ರೋಫೊರೆಸಿಸ್‌ಗೆ ಸಣ್ಣ ಗೆರೆಗಳು ಸಿಗುವುದಿಲ್ಲ.

ಬರೀ ‘ಪಾಸಿಟಿವ್’ ಎಂದು ಬರೆದ ರಿಪೋರ್ಟ್ ಅರೆಬರೆ. ಐದು ಮಾದರಿಗಳಲ್ಲಿ ಯಾವುದು ಎಂದು ಕೇಳಿ. ಒಂದನೆಯದು ನಾರ್ಮಲ್. ಎರಡು, ಮೂರನೆಯದರಲ್ಲಿ ಸಿಎಸ್‌ಎಫ್‌ಗಷ್ಟೇ ಸೇರಿದ ಗೆರೆಗಳಿರುತ್ತವೆ, ಅಂದರೆ ಐಜಿಜಿ ಮಿದುಳು-ಬೆನ್ನುಹುರಿಯೊಳಗೇ ತಯಾರಾಗುತ್ತಿದೆ. ನಾಲ್ಕನೆಯದರಲ್ಲಿ ಎರಡೂ ಕಡೆ ಒಂದೇ ಗೆರೆಗಳು. ಅವು ರಕ್ತದಿಂದ ಬಂದವು, ಎಂಎಸ್‌ಗೆ ಸಾಕ್ಷಿಯಲ್ಲ. ಐದನೆಯದು ಕಂಡರೆ ರಕ್ತದಲ್ಲಿ ಪ್ಯಾರಾಪ್ರೋಟೀನ್ (ಒಂದೇ ಬಗೆಯ ಕೋಶಗಳು ಅತಿಯಾಗಿ ತಯಾರಿಸುವ ಅಸಹಜ ಪ್ರತಿಕಾಯ) ಹುಡುಕಬೇಕು.

ಸೂಜಿ ತಗುಲಿ ನೀರು ಕೆಂಪಾಗಿದ್ದರೆ ಅದನ್ನು ಫಾರಂನಲ್ಲಿ ಬರೆಯಿರಿ. ರಕ್ತದ ಐಜಿಜಿ ಒಳಸೇರಿ ಲೆಕ್ಕ ಕೆಡುತ್ತದೆ. ಐವಿಐಜಿ (ರಕ್ತನಾಳದ ಮೂಲಕ ಕೊಡುವ ಪ್ರತಿಕಾಯಗಳ ಔಷಧ) ಕೊಡುವುದಿದ್ದರೆ ಸ್ಯಾಂಪಲ್ ಮೊದಲೇ ತೆಗೆಯಿರಿ. ಕೋಶಗಳ ಎಣಿಕೆಗೆ ಬೇರೆ ಟ್ಯೂಬ್ ಇಟ್ಟು ತಕ್ಷಣ ಲ್ಯಾಬ್‌ಗೆ ಓಡಿಸಿ, ಕೋಶಗಳು ಬೇಗ ಒಡೆದುಹೋಗುತ್ತವೆ.

ಐಜಿಜಿ ಇಂಡೆಕ್ಸ್ (ಸಿಎಸ್‌ಎಫ್ ಮತ್ತು ರಕ್ತದ ಐಜಿಜಿಯನ್ನು ಹೋಲಿಸಿ ತೆಗೆಯುವ ಸಂಖ್ಯೆ) ಅಗ್ಗ, ಆದರೆ ಕೆಲವು ರೋಗಿಗಳಲ್ಲಿ ಅದು ನಾರ್ಮಲ್ ಇದ್ದರೂ ಬ್ಯಾಂಡ್ ಸಿಗುತ್ತದೆ. ಪ್ರತಿಕಾಯದ ಬಿಡಿ ತುಣುಕುಗಳನ್ನು ಹೀಗೆಯೇ ಹೋಲಿಸುವ ಕಪ್ಪಾ ಫ್ರೀ ಲೈಟ್ ಚೈನ್ ಇಂಡೆಕ್ಸ್ ಅನ್ನು 2024ರ ಪರಿಷ್ಕೃತ ಮಾನದಂಡ ಒಪ್ಪಿಕೊಂಡಿದೆ. ಮಷಿನ್ನೇ ಅಳೆದು ಸಂಖ್ಯೆ ಕೊಡುತ್ತದೆ, ಗೆರೆ ನೋಡುವ ಕಣ್ಣಿನ ಮೇಲೆ ಅವಲಂಬನೆಯಿಲ್ಲ. ಹತ್ತಿರದಲ್ಲಿ ಲಭ್ಯವಿದ್ದರೆ ಧಾರಾಳವಾಗಿ ಮಾಡಿಸಿ.

ಭಾರತದ ರೋಗಿಗಳಲ್ಲಿ ಬ್ಯಾಂಡ್ ಸಿಗುವ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ. ಹಾಗಾಗಿ ನೆಗೆಟಿವ್ ಬಂದರೆ ಎಂಎಸ್ ಇಲ್ಲವೆಂದು ಫೈಲ್ ಮುಚ್ಚಬೇಡಿ. ಎನ್‌ಎಂಒ (ಕಣ್ಣಿನ ನರ ಮತ್ತು ಬೆನ್ನುಹುರಿಗೆ ಹೆಚ್ಚಾಗಿ ತಗಲುವ, ಎಂಎಸ್ ಹೋಲುವ ರೋಗ) ಅನುಮಾನವಿದ್ದರೆ ಅಕ್ವಾಪೊರಿನ್-4 ಪ್ರತಿಕಾಯವನ್ನು ರಕ್ತದಲ್ಲೇ, ಸೆಲ್-ಬೇಸ್ಡ್ ವಿಧಾನದಲ್ಲಿ ನೋಡಿಸಿ.

ಕಾಲಿನಿಂದ ಮೇಲೇರುವ ನಿಶ್ಶಕ್ತಿಗೆ, ಗಿಯಾಂ-ಬಾರೆ (ರೋಗನಿರೋಧಕ ಶಕ್ತಿ ಕೈಕಾಲುಗಳ ನರಗಳ ಮೇಲೆ ತಿರುಗಿಬೀಳುವ ರೋಗ) ಅನುಮಾನಕ್ಕೆ, ಈ ಟೆಸ್ಟ್ ಬೇಡವೇ ಬೇಡ. ಅಲ್ಲಿ ಪ್ರೋಟೀನ್ ಮತ್ತು ಕೋಶಗಳ ಎಣಿಕೆ ಸಾಕು: ಪ್ರೋಟೀನ್ 45 ಮಿ.ಗ್ರಾಂ./ಡೆ.ಲೀ. ದಾಟಿ, ಕೋಶಗಳು ಸಾಮಾನ್ಯವಾಗಿ ಪ್ರತಿ ಮೈಕ್ರೋಲೀಟರ್‌ಗೆ 5ರ ಒಳಗಿರುತ್ತವೆ. ಮೊದಲ ವಾರದಲ್ಲಿ ಪ್ರೋಟೀನ್ ನಾರ್ಮಲ್ ಬರುವುದು ಮಾಮೂಲು, ಅದಕ್ಕಾಗಿ ಚಿಕಿತ್ಸೆ ತಡಮಾಡಬಾರದು. ಕೋಶಗಳು 50 ದಾಟಿದರೆ ಎಚ್‌ಐವಿಯಂಥ ಬೇರೆ ಕಾರಣ ಹುಡುಕಿ.