ನಾಲ್ಕು ವರ್ಷ ಬಳಸಿದ ‘ಪ್ರೀಮಿಯಂ’ ಕೆಟಲ್: ಹಿಡಿಗೆ ಪೂರ್ತಿ ಅಂಕ, ಮುಚ್ಚಳಕ್ಕೆ ಸೊನ್ನೆ

ಡಬ್ಬ ಬಿಚ್ಚಿದ ದಿನವೇ ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ನಾನು ಬರೆಯುತ್ತಿರುವುದು ದಿನಕ್ಕೆ ಐದಾರು ಸಲದಂತೆ ನಾಲ್ಕು ವರ್ಷ ನೀರು ಕಾಯಿಸಿದ ಮೇಲೆ. ಕಪ್ಪು ಮ್ಯಾಟ್ ಬಣ್ಣ, ಕೊಕ್ಕರೆ ಕತ್ತಿನಂಥ ಸಪೂರ ಮೂತಿ, ಡಿಗ್ರಿ ಲೆಕ್ಕದಲ್ಲಿ ಬಿಸಿ ಹೊಂದಿಸಬಹುದಾದ ಎಲೆಕ್ಟ್ರಿಕ್ ಕೆಟಲ್. 900 ಮಿಲಿಲೀಟರ್, 1200 ವ್ಯಾಟ್. ಮುಚ್ಚಳದ ಮೇಲೆ ಎತ್ತಲು ಒಂದು ಪುಟ್ಟ ಮರದ ನಾಬ್. ಕಂಪನಿಯ ಹೆಸರು ಬೇಡ. ಸಾಧಾರಣ ಕೆಟಲ್‌ಗಿಂತ ಐದು ಪಟ್ಟು ದುಬಾರಿ, ಡಬ್ಬ ತೆರೆಯುವಾಗಲೂ ನಿಧಾನಕ್ಕೆ ಉಸ್ಸೆನ್ನುವ ಜಾತಿ ಎಂದರೆ ಸಾಕು, ಅಂದಾಜಾಗುತ್ತದೆ.

ಮೊದಲು ಹಿಡಿಯ ಮಾತು. ಕೊಟ್ಟ ದುಡ್ಡು ವಸೂಲಾಗಿದ್ದರೆ ಅಲ್ಲೇ. ಹಳೆಯ ಕೆಟಲ್‌ನಲ್ಲಿ ಕೊನೆಯ ಲೋಟ ನೀರು ಬಗ್ಗಿಸುವಾಗ ಮೊಣಕೈ ಮೇಲೇರಿ ಮಣಿಕಟ್ಟು ತಿರುಚಿಕೊಳ್ಳುತ್ತಿತ್ತು. ಇದರ ಹಿಡಿ ಮೇಲೆ ಅಗಲವಾಗಿ ಕೆಳಗೆ ಇಳಿಜಾರಾಗಿದೆ, ಹೆಬ್ಬೆರಳಿಗೆ ಒಂದು ಸಣ್ಣ ತಗ್ಗಿದೆ. ಅಲ್ಲಿ ಬೆರಳಿಟ್ಟರೆ ತುಂಬಿದ ಕೆಟಲ್ ಕೂಡ ಮುಂದಕ್ಕೆ ಜಗ್ಗುವುದಿಲ್ಲ. ನೂಲಿನಂತೆ ನೀರು ಬಿಡಬೇಕೆಂದರೆ ನೂಲಿನಂತೆ, ನಿಲ್ಲಿಸಬೇಕೆಂದರೆ ಅಲ್ಲಿಗೇ. ಮೂತಿಯ ತುದಿಯಿಂದ ಹನಿ ಜಾರಿ ಕಟ್ಟೆಗೆ ಇಳಿದದ್ದು ಈ ನಾಲ್ಕು ವರ್ಷದಲ್ಲಿ ಬೆರಳೆಣಿಕೆಯಷ್ಟು ಸಲ. ಯಾರೋ ಕೂತು ಮಾದರಿಯ ಮೇಲೆ ಮಾದರಿ ಮಾಡಿ, ನೀರು ತುಂಬಿ, ಬಗ್ಗಿಸಿ ನೋಡಿದ್ದಾರೆ ಅನ್ನುವುದು ಕೈಗೆ ಗೊತ್ತಾಗುತ್ತದೆ. ಕಾಫಿ ಪುಡಿಯ ಮೇಲೆ ಸುತ್ತುಸುತ್ತಾಗಿ ನೀರು ಸುರಿಯುವವರಿಗೆ ಈ ಮೂತಿ ಬೇಕೇ ಬೇಕು. ಫ್ಲಾಸ್ಕ್ ತುಂಬಿಸುವವರು ಮಾತ್ರ ಕೈ ಸೋಲುವಷ್ಟು ಹೊತ್ತು ನಿಲ್ಲಬೇಕು.

ಬೇಗ ಕಾಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಬೇಕು. ಅದರಲ್ಲಿ ವಿನ್ಯಾಸಕಾರರ ಕೈಚಳಕಕ್ಕೆ ಜಾಗವಿಲ್ಲ. 25 ಡಿಗ್ರಿಯ 900 ಮಿಲಿಲೀಟರ್ ನೀರು 1200 ವ್ಯಾಟ್‌ನಲ್ಲಿ ಕುದಿಯಲು ಲೆಕ್ಕದ ಪ್ರಕಾರ ನಾಲ್ಕು ನಿಮಿಷಕ್ಕೆ ಹತ್ತಿರ, ಬಿಸಿ ಸೋರುವುದನ್ನೂ ಸೇರಿಸಿದರೆ ನನ್ನ ಗಡಿಯಾರದಲ್ಲಿ ನಾಲ್ಕೂವರೆ. ನನ್ನ ಹಳೆಯ 1500 ವ್ಯಾಟ್‌ನ ಪ್ಲಾಸ್ಟಿಕ್ ಕೆಟಲ್ ಮೂರೂವರೆಯಲ್ಲಿ ಮುಗಿಸುತ್ತಿತ್ತು. ಹೆಚ್ಚು ದುಡ್ಡು ಕೊಟ್ಟು ಒಂದು ನಿಮಿಷ ಕಾಯುವುದನ್ನು ಕೊಂಡಿದ್ದೇನೆ.

ಒಳಗಿನ ಕೆಲಸದಲ್ಲಿ ಒಂದು ನಿಜವಾದ ವ್ಯತ್ಯಾಸವಿದೆ. ಸಾಧಾರಣ ಕೆಟಲ್‌ನಲ್ಲಿ ಆವಿ ಒಂದು ಸಣ್ಣ ದಾರಿಯಲ್ಲಿ ಹೋಗಿ ಎರಡು ಲೋಹಗಳ ಒಂದು ಬಿಲ್ಲೆಗೆ ತಾಗುತ್ತದೆ. ಬಿಲ್ಲೆ ಬಿಸಿಯಾಗಿ ಟಪ್ಪೆಂದು ಬಾಗಿದಾಗ ಸ್ವಿಚ್ ಆಫ್. ಮುಚ್ಚಳ ತೆರೆದಿಟ್ಟರೆ ಆವಿ ಅಲ್ಲಿಗೆ ಹೋಗುವುದೇ ಇಲ್ಲ, ಕೆಟಲ್ ಕುದಿಯುತ್ತಲೇ ಇರುತ್ತದೆ. ಇದರಲ್ಲಿ ತಳದಲ್ಲೇ ಸೆನ್ಸರ್ ಇದೆ, ಆವಿಗಾಗಿ ಕಾಯುವುದಿಲ್ಲ. ಗ್ರೀನ್ ಟೀಗೆ 80 ಡಿಗ್ರಿ ಅಂತ ಇಟ್ಟು ಅಡುಗೆ ಥರ್ಮಾಮೀಟರ್ ಅದ್ದಿ ನೋಡಿದ್ದೇನೆ: 82, ಕೆಲವೊಮ್ಮೆ 83. ತಳದ ತಟ್ಟೆಯಲ್ಲಿ ಉಳಿದ ಬಿಸಿ ಆಮೇಲೂ ಏರಿಸುತ್ತದೆ. ನನಗೆ ಅಡ್ಡಿಯಿಲ್ಲ.

ಇನ್ನು ಟಚ್ ಪ್ಯಾನೆಲ್. ಗುಂಡಿ ಕಾಣಬಾರದು ಅನ್ನುವುದು ಈ ದರ್ಜೆಯ ವಸ್ತುಗಳಿಗೆ ಹಿಡಿದ ಗೀಳು. ಆಫ್ ಇದ್ದಾಗ ಪೀಠ ನುಣ್ಣನೆಯ ಕಪ್ಪು ಕಲ್ಲಿನಂತಿರುತ್ತದೆ, ಫೋಟೋದಲ್ಲಿ ಬಹಳ ಚೆಂದ. ಅಮ್ಮ ಮೊದಲ ಸಲ ನೋಡಿ, “ಇದಕ್ಕೆ ಗುಂಡಿ ಎಲ್ಲಿದೆಯೋ?” ಅಂದರು. ತೋರಿಸಿದೆ. ಒದ್ದೆ ಬೆರಳಲ್ಲಿ ಒತ್ತಿದರು, ಆಗಲಿಲ್ಲ. ಸೆರಗಿಗೆ ಒರೆಸಿಕೊಂಡು ಒತ್ತಿದರು, 100ರ ಬದಲು 60 ಬಂತು. “ನೀನೇ ಕಾಯಿಸಿಕೊಡಪ್ಪ” ಎಂದು ಹೊರಟೇ ಹೋದರು. ನೀರಿನ ಪಕ್ಕದಲ್ಲೇ ಬಾಳುವ ವಸ್ತುವಿಗೆ ಒದ್ದೆ ಬೆರಳು ಗುರುತಿಸದ ಗುಂಡಿ ಇಟ್ಟವರು ಅಡುಗೆಮನೆಯಲ್ಲಿ ಎಷ್ಟು ಹೊತ್ತು ನಿಂತಿದ್ದರೋ.

ಸದ್ದಿನ ವಿಷಯಕ್ಕೂ ಇದೇ ದೂರು. ನೀರು ಸಿದ್ಧವಾದಾಗ ಮೂರು ಸಲ ಕೀಂಯ್‌ಗುಡುತ್ತದೆ, ಬಂದ್ ಮಾಡಲು ದಾರಿಯಿಲ್ಲ. 1983ರಲ್ಲಿ ರಿಚರ್ಡ್ ಸಾಪ್ಪರ್ ಇಟಲಿಯ ಅಲೆಸ್ಸಿಗೆ ಮಾಡಿಕೊಟ್ಟ ಕೆಟಲ್ ನೆನಪಾಗುತ್ತದೆ: ಅದರ ಸೀಟಿಯಲ್ಲಿ ಎರಡು ಹಿತ್ತಾಳೆ ಕೊಳವೆ, ಎರಡೂ ಬೇರೆ ಬೇರೆ ಸ್ವರ, ಒಟ್ಟಿಗೆ ಹೊಮ್ಮಿದರೆ ದೂರದ ರೈಲಿನಂತೆ. ಎರಡು ವರ್ಷದ ನಂತರ ಅದೇ ಕಂಪನಿಗೆ ಮೈಕೆಲ್ ಗ್ರೇವ್ಸ್ ಮೂತಿಗೊಂದು ಪುಟ್ಟ ಹಕ್ಕಿ ಕೂರಿಸಿದರು. ಒಲೆಯ ಮೇಲಿಡುವ ಕೆಟಲ್‌ಗಳಾದರೂ, ಮನೆಯಲ್ಲಿ ಕಿವಿ ಇರುವವರಿದ್ದಾರೆ ಅನ್ನುವುದು ಅವರಿಗೆ ನೆನಪಿತ್ತು.

ಗಡಸು ನೀರಿದ್ದರೆ ತಳದಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಒಂದು ಚಮಚ ಸಿಟ್ರಿಕ್ ಆಸಿಡ್ ಪುಡಿ ಹಾಕಿ ನೀರು ಬಿಸಿ ಮಾಡಿ ಅರ್ಧ ಗಂಟೆ ಬಿಟ್ಟರೆ ಹೋಗುತ್ತದೆ. ಆದರೆ ಸಪೂರ ಮೂತಿಯೊಳಗೆ ಕೂತ ಸುಣ್ಣ ಕೈಗೂ ಸಿಗದು, ಬ್ರಶ್ಶಿಗೂ ಸಿಗದು. ಕಪ್ಪು ಬಣ್ಣದ ಮೇಲೆ ಒಣಗಿದ ಪ್ರತಿ ಹನಿಯೂ ಬಿಳಿ ಚುಕ್ಕೆ.

ಈಗ ಮುಚ್ಚಳ. ಜಾಹೀರಾತಿನಲ್ಲಿ ಅತಿ ಹತ್ತಿರದಿಂದ ತೋರಿಸುವುದು ಆ ಮರದ ನಾಬನ್ನೇ. ದಿನಕ್ಕೆ ಐದಾರು ಸಲ ಆವಿ ಕುಡಿದು ಮತ್ತೆ ಒಣಗುವ ಮರ ಏನಾಗಬೇಕೋ ಅದೇ ಆಯಿತು. ಎರಡನೇ ವರ್ಷ ಕೂದಲೆಳೆಯಷ್ಟು ಬಿರುಕು. ಮೂರನೇ ವರ್ಷ ಒಂದು ಬೆಳಿಗ್ಗೆ ಮುಚ್ಚಳ ಎತ್ತಿದರೆ ನಾಬ್ ನನ್ನ ಕೈಯಲ್ಲಿ, ಮುಚ್ಚಳ ಕೆಟಲ್ ಮೇಲೆಯೇ. ತಿರುಗಿಸಿ ನೋಡಿದೆ: ಸ್ಕ್ರೂ ಇಲ್ಲ, ಬರೀ ಅಂಟು. ಗ್ರಾಹಕ ಸೇವೆಗೆ ಫೋಟೋ ಸಮೇತ ಬರೆದೆ. ಮುಚ್ಚಳ ಬಿಡಿಯಾಗಿ ಸಿಗುವುದಿಲ್ಲ, ವಾರಂಟಿ ಮುಗಿದಿದೆ, ಹೊಸ ಕೆಟಲ್ ಕೊಂಡರೆ ರಿಯಾಯಿತಿ ಇದೆ ಅಂದರು, ಬಹಳ ಸುಂದರವಾದ ಅಕ್ಷರವಿನ್ಯಾಸದಲ್ಲಿ.

ವಿನ್ಯಾಸವನ್ನೇ ಬ್ರ್ಯಾಂಡ್ ಮಾಡುವುದು ಇಂದಿನ ಉಪಾಯವೇನಲ್ಲ. ಜರ್ಮನಿಯ ವಿದ್ಯುತ್ ಉಪಕರಣಗಳ ಕಂಪನಿ ಎಇಜಿ 1907ರಲ್ಲೇ ಪೀಟರ್ ಬೆಹ್ರೆನ್ಸ್ ಎಂಬ ಕಲಾವಿದನನ್ನು ಕರೆತಂದಿತ್ತು. ಲಾಂಛನದಿಂದ ಕಾರ್ಖಾನೆ ಕಟ್ಟಡದವರೆಗೆ ಎಲ್ಲ ಆತನದೇ. 1909ರಲ್ಲಿ ಬಂದ ಆತನ ಎಲೆಕ್ಟ್ರಿಕ್ ಕೆಟಲ್‌ಗಳಲ್ಲಿ ಕೆಲವೇ ಆಕಾರ, ಕೆಲವೇ ಲೋಹ, ಹಿಡಿ ಮತ್ತು ಮುಚ್ಚಳಗಳು ಹಲವು ಮಾದರಿಗಳಿಗೆ ಹಂಚಿಕೆ. ಅವನ್ನೇ ಅದಲುಬದಲು ಜೋಡಿಸಿ ಹತ್ತಾರು ಬಗೆ ಹೊರಬಂದವು. ನೂರು ವರ್ಷ ದಾಟಿದ ಮೇಲೆ ನನ್ನ ಮುಚ್ಚಳಕ್ಕೆ ಬಿಡಿಭಾಗವಿಲ್ಲ. ಬ್ರೌನ್ ಕಂಪನಿಯಲ್ಲಿದ್ದ ವಿನ್ಯಾಸಕಾರ ಡೀಟರ್ ರಾಮ್ಸ್ ಒಳ್ಳೆಯ ವಿನ್ಯಾಸಕ್ಕೆ ಕೊಟ್ಟ ಹತ್ತು ಲಕ್ಷಣಗಳಲ್ಲಿ ಬಹುಕಾಲ ಬಾಳುವುದೂ ಒಂದು. ಈ ಕಂಪನಿಯವರು ‘ಆದಷ್ಟು ಕಡಿಮೆ ವಿನ್ಯಾಸ’ ಎನ್ನುವುದನ್ನು ಮಾತ್ರ ಓದಿಕೊಂಡು, ಅದನ್ನು ಸ್ಕ್ರೂ ಕಡಿಮೆ ಮಾಡುವುದು ಅಂದುಕೊಂಡಂತಿದೆ.

ಕೊಳ್ಳಬಹುದೇ? ಸುತ್ತುಸುತ್ತಾಗಿ ನೀರು ಸುರಿಯುವ ಅಭ್ಯಾಸವಿದ್ದರೆ ಕೊಳ್ಳಿ, ಹಿಡಿಗಾಗಿಯೇ. ಅದಕ್ಕೂ ಮೊದಲು ಮುಚ್ಚಳ, ಪೀಠ ಬಿಡಿಯಾಗಿ ಸಿಗುತ್ತವೆಯೇ ಎಂದು ಬರಹದಲ್ಲಿ ಕೇಳಿಕೊಳ್ಳಿ. ಬರೀ ಕುದಿಸುವುದಕ್ಕಾದರೆ ಬೇಡ.

ನಾನು ಮುಚ್ಚಳದ ನಡುವೆ ತೂತು ಕೊರೆದು, ಹಳೆಯ ಮೇಜಿನ ಡ್ರಾಯರ್‌ನ ಸ್ಟೀಲ್ ನಾಬನ್ನು ಬೋಲ್ಟ್ ಹಾಕಿ ಬಿಗಿದೆ. ವರ್ಷವಾಯಿತು, ಅಲ್ಲಾಡಿಲ್ಲ. ಮೊನ್ನೆ ಬಂದ ಗೆಳೆಯ ಕೆಟಲನ್ನು ಎಲ್ಲ ಕಡೆಯಿಂದ ನೋಡಿ ಮೆಚ್ಚಿದ್ದು ಅದನ್ನೇ: “ಆ ನಾಬ್ ಚೆನ್ನಾಗಿದೆ ಕಣೋ, ಹೊಸ ಮಾಡೆಲ್ಲಾ?”