ತಾರಸಿ ಮೇಲೆ ಮೂರು ಕಿಲೋವ್ಯಾಟ್: ಹನ್ನೊಂದು ತಿಂಗಳ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ಇದು ಬಿಸಿನೀರಿನ ಸೋಲಾರ್ ಅಲ್ಲ. ನಮ್ಮ ಕಡೆ ಸೋಲಾರ್ ಅಂದರೆ ಸ್ನಾನದ ನೀರು ಅಂತಲೇ ಅರ್ಥ. ಪ್ಯಾನಲ್ ಬಂದ ದಿನ ಬೀದಿಯವರೆಲ್ಲ "ಟ್ಯಾಂಕ್ ಎಲ್ಲಿ ಟೀಚರ್?" ಅಂತ ಕೇಳಿದರು. ಇದು ಕರೆಂಟಿನ ಸೋಲಾರ್. ಕೇಂದ್ರದ ಪಿಎಂ ಸೂರ್ಯಘರ್ ಉಚಿತ ವಿದ್ಯುತ್ ಯೋಜನೆಯಲ್ಲಿ, ತುಮಕೂರಿನ ನಮ್ಮ ಮನೆಗೆ 2025ರ ಮಾರ್ಚಿನಲ್ಲಿ ಹಾಕಿಸಿದ್ದು.

540 ವ್ಯಾಟಿನ ಆರು ಪ್ಯಾನಲ್, ಅದರ ಕರೆಂಟನ್ನು ಮನೆ ಬಳಕೆಗೆ ತಕ್ಕಂತೆ ಮಾಡುವ ಒಂದು ಇನ್ವರ್ಟರ್ (ಬ್ಯಾಟರಿ ಇಲ್ಲದ್ದು), ಬರುವ ಹೋಗುವ ಕರೆಂಟು ಎರಡನ್ನೂ ಅಳೆಯುವ ಮೀಟರು. ಎಲ್ಲ ಸೇರಿ 1,95,000 ಆಯಿತು. ಅದರಲ್ಲಿ ಕೇಂದ್ರದ ಸಬ್ಸಿಡಿ 78,000. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಅಲ್ಲಿಗೆ ಮುಗಿಯಿತು. ಹತ್ತು ಕಿಲೋವ್ಯಾಟ್ ಹಾಕಿಸಿದರೂ ಅಷ್ಟೇ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ದಿನಾ ಸಂಜೆ ಇನ್ವರ್ಟರ್ ಮೇಲಿನ ಅಂಕಿ ನೋಡಿ ನೋಟ್‌ಬುಕ್ಕಿಗೆ ಇಳಿಸುತ್ತೇನೆ. ಏಪ್ರಿಲಿನಲ್ಲಿ ದಿನಕ್ಕೆ 14 ಯೂನಿಟ್ ದಾಟಿದ್ದಿದೆ. ಜುಲೈನ ಜಿಟಿಜಿಟಿ ಮಳೆಯಲ್ಲಿ 5 ಬಂದರೆ ದೊಡ್ಡದು. ಹನ್ನೊಂದು ತಿಂಗಳಿಗೆ 3,900 ಚಿಲ್ಲರೆ. ತಿಂಗಳಿಗೆ 2,400ರ ಹತ್ತಿರ ಇದ್ದ ಬಿಲ್ಲು ಈಗ 500, 600. ಐದು ವರ್ಷಕ್ಕೆ ಅಸಲು ವಾಪಸ್. ಪ್ಯಾನಲ್ಲಿಗೆ ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ಬಿಸಿಲೇರುವ ಮುಂಚೆ ನೀರು ಹಾಕಿ ಒರೆಸಬೇಕು. ಪಾರಿವಾಳದ ಹಿಕ್ಕೆ ಮಾತ್ರ ಉಜ್ಜದೆ ಹೋಗಲ್ಲ.

ಆ 500 ಎಲ್ಲಿಂದ ಬಂತು ಅಂತ ಕೇಳುತ್ತೀರಿ ಅಲ್ವಾ? ನಿಗದಿತ ಶುಲ್ಕ. ನಾನು ಹಾಕಿಸಿದ ಮರುತಿಂಗಳೇ ಅದು ಕಿಲೋವ್ಯಾಟಿಗೆ 120ರಿಂದ 145 ಆಯಿತು. ನಮ್ಮದು ಮೂರು ಕಿಲೋವ್ಯಾಟ್ ಲೋಡ್, ಹಾಗಾಗಿ ಆ ವರ್ಷ ತಿಂಗಳಿಗೆ 435 ರೂಪಾಯಿ ಸುಮ್ನೆ ಕಟ್ಟಬೇಕಾಯಿತು. ಸೂರ್ಯ ಎಷ್ಟು ದುಡಿದರೂ ಅದು ಇಳಿಯುವುದಿಲ್ಲ. ಯೂನಿಟ್ ದರ ಮಾತ್ರ 5.90ರಿಂದ 5.80ಕ್ಕೆ ಇಳಿಸಿದರು, ಅಂದರೆ ನಮ್ಮ ಪ್ರತಿ ಯೂನಿಟ್ಟಿನ ಉಳಿತಾಯವೂ ಅಷ್ಟು ಕಡಿಮೆ. ಸೋಲಾರ್ ಇದ್ದವರಿಗೆ ಇದು ಎರಡು ಕಡೆಯಿಂದಲೂ ಏಟು.

ಪ್ಯಾನಲ್ ಹಾಕಿಕೊಟ್ಟ ಏಜೆನ್ಸಿಯ ಹೆಸರು ಹೇಳುವುದಿಲ್ಲ. ಅದಕ್ಕೆ ಎರಡೇ ಅಂಕ. ನಮ್ಮ ಆರ್‌ಆರ್ ನಂಬರ್, ಅಂದರೆ ಕರೆಂಟು ಬಿಲ್ಲಿನ ಗ್ರಾಹಕ ಸಂಖ್ಯೆ, ತೀರಿಹೋದ ನಮ್ಮ ಮಾವನವರ ಹೆಸರಿನಲ್ಲಿತ್ತು. "ಅದೆಲ್ಲ ಆಮೇಲೆ ನೋಡ್ಕೊಳ್ಳೋಣ ಮೇಡಂ" ಅಂದ ಹುಡುಗ. ಆಮೇಲೆ ಸಬ್ಸಿಡಿ ನಿಂತೇಹೋಯಿತು. ಬಿಲ್ಲಿನ ಹೆಸರು ಒಂದು, ಬ್ಯಾಂಕ್ ಖಾತೆಯ ಹೆಸರು ಇನ್ನೊಂದು. ಹೆಸರು ಬದಲಾಯಿಸಿ ದುಡ್ಡು ಬರುವ ಹೊತ್ತಿಗೆ ಶ್ರಾವಣ. ಹಾಕಿಸುವವರು ಮೊದಲು ಬಿಲ್ಲಿನಲ್ಲಿ ಯಾರ ಹೆಸರಿದೆ ನೋಡಿಕೊಳ್ಳಿ, ಪ್ಯಾನಲ್ ಆಮೇಲೆ.

ಅದೇ ಹುಡುಗ ಇನ್ನೊಂದು ಮಾತು ಹೇಳಿದ್ದ. "ಸಬ್ಸಿಡಿ ಬೇಡ ಅಂದ್ರೆ ಇದಕ್ಕಿಂತ ಕಡಿಮೆಗೆ ಬೇರೆ ಪ್ಯಾನಲ್ ಹಾಕ್ತೀನಿ." ಈ ಯೋಜನೆಗೆ ಪ್ಯಾನಲ್ಲೂ ಅದರೊಳಗಿನ ಸೆಲ್ಲೂ ಇಲ್ಲಿಯದೇ ಆಗಿರಬೇಕು. ಚೀನಾದ ಸೆಲ್ ಹಾಕಿ ಇಲ್ಲಿ ಜೋಡಿಸಿದ್ದು ಅಗ್ಗ. ಅಂದರೆ ನನ್ನ ಕೈಗೆ ಬಂದ 78,000ದಲ್ಲಿ ಒಂದು ಪಾಲು ನಮ್ಮ ಕಾರ್ಖಾನೆಗಳಿಗೆ ಹೋಯಿತು. ಇಲ್ಲೇ ತಯಾರಾಗಲಿ ಅನ್ನುವುದು ನನಗೂ ಸರಿ ಅನಿಸುತ್ತದೆ. ಆದರೆ ಜಾಹೀರಾತಿನಲ್ಲಿ ಅದನ್ನೂ ಹೇಳಬಹುದಿತ್ತು. ಸಾಲದ್ದಕ್ಕೆ ಸೆಪ್ಟೆಂಬರ್ 22ಕ್ಕೆ ಪ್ಯಾನಲ್ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು. ಆ ದಿನ ನಮ್ಮ ಯಜಮಾನರು ಪೇಪರನ್ನು ಮಡಚಿ ನನಗೆ ಕಾಣದ ಹಾಗೆ ಇಟ್ಟಿದ್ದರು.

ಯಾರೂ ಹೇಳದ ಇನ್ನೊಂದು ವಿಷಯ. ಕರೆಂಟು ಹೋದರೆ ಸೋಲಾರೂ ನಿಲ್ಲುತ್ತದೆ. ಉರಿಬಿಸಿಲು, ತಾರಸಿ ಮೇಲೆ ಆರು ಪ್ಯಾನಲ್, ಕೆಳಗೆ ಫ್ಯಾನ್ ತಿರುಗುತ್ತಿಲ್ಲ! ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಮ್ಮ ಕರೆಂಟು ಹೊಡೆಯಬಾರದು ಅಂತ ಇನ್ವರ್ಟರ್ ತಾನೇ ಬಂದ್ ಆಗುತ್ತದೆ. ಕಾರಣ ನ್ಯಾಯವಾದದ್ದೇ. ಬ್ಯಾಟರಿ ಬೇಕಾದರೆ ಬೇರೆ ದುಡ್ಡು.

ಈಗ ಯೋಜನೆಯ ವಿಷಯ. ನಮ್ಮ ಪಕ್ಕದ ಮನೆ ಪದ್ಮಕ್ಕ ಟೈಲರಿಂಗ್ ಮಾಡುತ್ತಾರೆ. ತಿಂಗಳಿಗೆ 150 ಯೂನಿಟ್. ರಾಜ್ಯದ ಗೃಹಜ್ಯೋತಿಯಲ್ಲಿ ಅವರ ಬಿಲ್ಲು 2023ರ ಆಗಸ್ಟಿನಿಂದ ಸೊನ್ನೆ. ನಮ್ಮದು 330 ಯೂನಿಟ್. 200 ದಾಟಿದರೆ ಪೂರ್ತಿ ಬಿಲ್ಲು. ದೆಹಲಿಯದ್ದೂ ಉಚಿತ ವಿದ್ಯುತ್, ಬೆಂಗಳೂರಿನದ್ದೂ ಉಚಿತ ವಿದ್ಯುತ್. ಒಂದಕ್ಕೆ ಒಂದು ಲಕ್ಷ ಮೇಲ್ಪಟ್ಟು ಕೈಯಿಂದ ಹಾಕಬೇಕು, ಇನ್ನೊಂದಕ್ಕೆ ಅರ್ಜಿ ಹಾಕಿದರೆ ಸಾಕು. "ನಿಮ್ಮದು ಮೋದಿ ಕರೆಂಟು, ನಮ್ಮದು ಸಿದ್ರಾಮಯ್ಯನ ಕರೆಂಟು" ಅಂತ ಪದ್ಮಕ್ಕ ನಗುತ್ತಾರೆ. ಪ್ಯಾನಲ್ ಹಾಕಿಸಿ ಅಂತ ಅವರಿಗೆ ಯಾವ ಬಾಯಲ್ಲಿ ಹೇಳಲಿ? ಗುಜರಾತ್, ಮಹಾರಾಷ್ಟ್ರ, ಕೇರಳ ಸೂರ್ಯಘರ್ ಯೋಜನೆಯಲ್ಲಿ ಮುಂದೆ, ನಾವು ಹಿಂದೆ. ಯಾಕೆ? ನನ್ನ ಪ್ರಕಾರ ಉತ್ತರದ ಒಂದು ಭಾಗ ಪದ್ಮಕ್ಕನ ಮೀಟರ್ ಬೋರ್ಡಿನಲ್ಲೇ ಇದೆ.

ಅವರಿಗೆ ಸಿಗುವುದನ್ನು ಕಂಡು ನನಗೆ ಹೊಟ್ಟೆಕಿಚ್ಚಿಲ್ಲ. ಹೊಲಿಗೆಯಲ್ಲಿ ಸಾವಿರ ರೂಪಾಯಿ ಉಳಿಯಬೇಕಾದರೆ ಎಷ್ಟು ರವಿಕೆ ಹೊಲಿಯಬೇಕು ಅಂತ ಗೊತ್ತು. ನನ್ನ ತಕರಾರು ಲೆಕ್ಕದ್ದು. ಅವರ ಬಿಲ್ಲನ್ನು ಸರ್ಕಾರ ಕಟ್ಟುತ್ತದೆ, ತಿಂಗಳಿಗೆ ಹತ್ತಿರಹತ್ತಿರ ಸಾವಿರ. ಐದು ವರ್ಷಕ್ಕೆ 60,000. ಹೆಚ್ಚುಕಡಿಮೆ ಅದೇ ದುಡ್ಡಿಗೆ ಅವರ ತಾರಸಿ ಮೇಲೆ ಒಂದು ಕಿಲೋವ್ಯಾಟ್ ಕೂರುತ್ತದೆ. ಅದಕ್ಕೆ ಕೇಂದ್ರದ 30,000 ಬೇರೆ ಸಿಗುತ್ತದೆ. ಆದರೆ ಕೇಂದ್ರ, ರಾಜ್ಯ ಇಬ್ಬರೂ ಒಂದೇ ಮೇಜಿಗೆ ಕೂತು ಲೆಕ್ಕ ಹಾಕಬೇಕಲ್ಲ! ಅದೂ ಅಲ್ಲದೆ ಸೊನ್ನೆ ಬಿಲ್ಲು ತಿಂಗಳು ತಿಂಗಳೂ ಮನೆ ಬಾಗಿಲಿಗೆ ಬಂದು ಕೊಟ್ಟವರನ್ನು ನೆನಪಿಸುತ್ತದೆ. ಪ್ಯಾನಲ್ ಒಂದೇ ಸಲ. ಇಬ್ಬರಿಗೂ ಸೇರಿಸಿ ಯೋಜನೆಗೆ ಮೂರು ಅಂಕ.

2021ರಲ್ಲಿ ಗ್ಲಾಸ್ಗೋದಲ್ಲಿ ಪ್ರಧಾನಿ 2030ಕ್ಕೆ ಕಲ್ಲಿದ್ದಲು, ಎಣ್ಣೆ ಸುಡದ 500 ಗಿಗಾವ್ಯಾಟ್ (50 ಕೋಟಿ ಕಿಲೋವ್ಯಾಟ್) ಸಾಮರ್ಥ್ಯ ಅಂದರು. ಬರೀ ತಾರಸಿಯಿಂದ ಅಂದರೆ ನಮ್ಮಂಥ 15 ಕೋಟಿಗೂ ಹೆಚ್ಚು ಮನೆ ಬೇಕು. ಯೋಜನೆಯ ಗುರಿ 1 ಕೋಟಿ. ಹಾಗಾಗಿ ಉಳಿದದ್ದರಲ್ಲಿ ದೊಡ್ಡ ಪಾಲಿಗೆ ಬಯಲೇ ಗತಿ. ನಮ್ಮ ಜಿಲ್ಲೆಯ ಪಾವಗಡದಲ್ಲೇ ನೋಡಿ, ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಅಲ್ಲಿ ಜಮೀನನ್ನು ಕೊಂಡುಕೊಳ್ಳಲಿಲ್ಲ. ರೈತರಿಂದ ಎಕರೆಗೆ ವರ್ಷಕ್ಕೆ 21,000ದಂತೆ ಗುತ್ತಿಗೆಗೆ ಪಡೆದರು. ಮಳೆ ಇಲ್ಲದ ನೆಲಕ್ಕೆ ಅದು ಸಣ್ಣ ದುಡ್ಡಲ್ಲ. ಜಮೀನೇ ಇಲ್ಲದ ಕೂಲಿಯವರಿಗೆ ಮಾತ್ರ ಗುತ್ತಿಗೆಯೂ ಇಲ್ಲ, ಕಳೆ ಕೀಳುವ ಕೆಲಸವೂ ಇಲ್ಲ.

ಹಗಲು ನಮ್ಮಲ್ಲಿ ಉಳಿದ ಕರೆಂಟು ಲೈನಿಗೆ ಹೋಗುತ್ತದೆ. ತಿಂಗಳ ಕೊನೆಗೆ ಅದು ನಮ್ಮ ಬಳಕೆಗಿಂತ ಜಾಸ್ತಿ ಇದ್ದರೆ ಕೊಡುವ ದರ ನಾವು ಕಟ್ಟುವುದಕ್ಕಿಂತ ತುಂಬಾ ಕಡಿಮೆ. 2013ರಲ್ಲಿ ಇದೇ ರಾಜ್ಯದಲ್ಲಿ ಸಬ್ಸಿಡಿ ಪಡೆಯದ ತಾರಸಿ ಸೋಲಾರಿಗೆ ಯೂನಿಟ್ಟಿಗೆ 9.56 ಕೊಡಲು ಆದೇಶವಾಗಿತ್ತು. ಆಗ ಹಾಕಿಸಿದವರು ಪುಣ್ಯವಂತರು. ಹಗಲು ನಮ್ಮ ಕರೆಂಟಿನಲ್ಲೇ ಪದ್ಮಕ್ಕನ ಮಿಷನ್ ಓಡುತ್ತಿರಬಹುದು. ಸಂಜೆ ಏಳಕ್ಕೆ ನಾನು ಇಂಡಕ್ಷನ್ ಒಲೆ ಹಚ್ಚಿದಾಗ ಬರುವುದರಲ್ಲಿ ಶರಾವತಿಯೂ ಇರಬಹುದು, ರಾಯಚೂರಿನ ಕಲ್ಲಿದ್ದಲೂ ಇರಬಹುದು.

ಒಂದು ನಷ್ಟ ಲೆಕ್ಕಕ್ಕೆ ಸಿಗಲಿಲ್ಲ. ನಮ್ಮ ತಾರಸಿಯಲ್ಲಿ ಬಿಸಿಲು ಬೀಳುವ ಜಾಗವೆಲ್ಲ ಪ್ಯಾನಲ್ಲಿಗೆ ಹೋಯಿತು. ಹೋದ ಬೇಸಿಗೆಯಲ್ಲಿ ಅರಳು ಸಂಡಿಗೆ ಇಡಲು ಜಾಗವಿಲ್ಲದೆ ಪದ್ಮಕ್ಕನ ತಾರಸಿ ಕೇಳಿದೆ. "ಇಡಿ ಟೀಚರ್, ನಂದು ಖಾಲಿ ಬಿದ್ದಿದೆ" ಅಂದರು. ಗುತ್ತಿಗೆ ವರ್ಷಕ್ಕೆ ಒಂದು ಡಬ್ಬ ಸಂಡಿಗೆ. ಈ ಸಲ ಅದರ ಜೊತೆಗೆ ಹಪ್ಪಳವೂ ಬೇಕಂತೆ.